ಸೇಫ್ಟಿ ರೇಜರ್: ಹೊಳಪಿನ ಕೆಳಗಿನ ಲೋಹ

ಇಂಡಿ, ಸಿಂದಗಿ, ಮುದ್ದೇಬಿಹಾಳ ಹಾಗೂ ಬಸವನ ಬಾಗೇವಾಡಿಯ ವರ್ತಕ ಬಾಂಧವರು ಸೇಫ್ಟಿ ರೇಜರ್‌ಗಳನ್ನು ಖರೀದಿಸುವಾಗ ಹೊಳಪನ್ನಷ್ಟೇ ಗುಣಮಟ್ಟದ ಪ್ರಮಾಣವೆಂದು ಭಾವಿಸಲಾಗದು. 1904ರಲ್ಲಿ ಅಮೆರಿಕದ ಕಿಂಗ್ ಕ್ಯಾಂಪ್ ಜಿಲೆಟ್ ಪೇಟೆಂಟ್ ಪಡೆದ ಈ ಸಾಧನವನ್ನು ಇಂದು ಮುಖ್ಯವಾಗಿ ಹಿತ್ತಾಳೆ, ಸ್ಟೇನ್‌ಲೆಸ್ ಸ್ಟೀಲ್ ಅಥವಾ ಸತುವಿನ ಮಿಶ್ರಲೋಹದಿಂದ ತಯಾರಿಸಲಾಗುತ್ತದೆ.

ಸುಮಾರು ಶೇ. 4ರಷ್ಟು ಅಲ್ಯೂಮಿನಿಯಂ ಬೆರೆತ ಸತು 400 ಡಿಗ್ರಿ ಸೆಲ್ಸಿಯಸ್‌ಗಿಂತ ಕಡಿಮೆ ಶಾಖದಲ್ಲಿಯೇ ಕರಗುವುದರಿಂದ ಎರಕ ಸುಲಭ, ಬೆಲೆಯೂ ಅಗ್ಗ. ಆದರೆ ಕ್ರೋಮಿಯಂ ಲೇಪನ ಬಿರಿದಲ್ಲಿ ನೀರು ಒಳಸೇರಿ ಸತುವನ್ನು ತಿನ್ನುತ್ತದೆ. ಲೇಪನ ಗುಳ್ಳೆಯೇಳುತ್ತದೆ, ತಿರುಪು ದುರ್ಬಲವಾಗಿ ಮುರಿಯಬಹುದು. ಹಿತ್ತಾಳೆಯಲ್ಲಾದರೆ ಲೇಪನ ಸವೆದರೂ ತಿರುಪು ಬಹುಕಾಲ ಬಾಳುತ್ತದೆ, ಮರುಲೇಪನವೂ ಸಾಧ್ಯ.

ಬ್ಲೇಡು ಹಾಕಿ ಬಿಗಿದು ನೋಡಿದಾಗ ಎರಡೂ ಅಂಚುಗಳು ಸಮನಾಗಿ ಹೊರಚಾಚಿರಬೇಕು. ಬ್ಲೇಡಿನ ದಪ್ಪ ಕೇವಲ 0.1 ಮಿ.ಮೀ. ಆದ್ದರಿಂದ ಎರಕದ ಅಲ್ಪ ಓರೆಯೂ ಕೆನ್ನೆಗೆ ಗಾಯ ಮಾಡೀತು. ತಿರುಪಿನ ಸಂದಿಗಳಲ್ಲಿಯೂ ಲೇಪನ ಕೂಡಿದೆಯೇ ಎಂದು ಪರೀಕ್ಷಿಸುವುದು ಅಗತ್ಯ. ತಯಾರಕರು ಲೇಪನಕ್ಕೆ ಮೊದಲೇ ಲೋಹವನ್ನು ಉಜ್ಜಿ ನುಣುಪುಗೊಳಿಸಬೇಕು. ಎರಕದ ರಂಧ್ರಗಳನ್ನು ತೆಳು ಲೇಪನ ಮುಚ್ಚಲಾರದು.

ಲೇಪನವಾದ ಮೇಲೆ ಸತು, ಹಿತ್ತಾಳೆಗಳೆರಡೂ ಒಂದೇ ತೆರನಾಗಿ ಕಾಣುತ್ತವೆ. ಆದಕಾರಣ ಮೂಲಲೋಹದ ಹೆಸರನ್ನು ಬಿಲ್ಲಿನಲ್ಲಿ ಬರೆಯಿಸಿಕೊಳ್ಳುವುದು ಕ್ಷೇಮಕರ. ಮರಳಿ ಬಂದ ಮಾಲಿನೊಡನೆ ಗಿರಾಕಿಯ ವಿಶ್ವಾಸವೂ ಹೋಗುತ್ತದೆ.