ಕೀಮೋ ಕೋಡ್ ಇದ್ದಲ್ಲೆಲ್ಲ ಕ್ಯಾನ್ಸರ್ ಇರಬೇಕಿಲ್ಲ

ತಪ್ಪು ಕಲ್ಪನೆ: ಬಿಲ್ಲಿನಲ್ಲಿ ಕೀಮೋಥೆರಪಿಯ ಕೋಡ್ ಬಿದ್ದಿದೆ ಎಂದರೆ ರೋಗಿಗೆ ಕ್ಯಾನ್ಸರ್ ಇದೆ ಎಂದೇ ಅರ್ಥ.

ಸತ್ಯ: ಅಮೆರಿಕದ ಬಿಲ್ಲುಗಳಲ್ಲಿ ಹಾಗಿಲ್ಲ; ಆ ಬಿಲ್ಲುಗಳು ನಮ್ಮವರ ಕೈಗೂ ಬರುತ್ತವೆ. ಮಾದನಾಯಕನಹಳ್ಳಿ, ಪೀಣ್ಯದ ಕಡೆ ಬಿ.ಎಸ್ಸಿ., ಬಿ.ಫಾರ್ಮ ಮುಗಿಸಿದವರಿಗೆ ಚಿಕಿತ್ಸೆಯ ದಾಖಲೆಯನ್ನು ಬಿಲ್ಲಿನ ಕೋಡ್‌ಗಳಾಗಿಸುವ ಬೆಂಗಳೂರಿನ ಮೆಡಿಕಲ್ ಕೋಡಿಂಗ್ ಕಂಪನಿಗಳೂ ಒಂದು ಉದ್ಯೋಗದ ದಾರಿ. ಅಲ್ಲಿ ಬಹುಪಾಲು ನಡೆಯುವುದು ಅಮೆರಿಕದ ಆಸ್ಪತ್ರೆ ಬಿಲ್ಲುಗಳ ಕೆಲಸ. ಚಿಕಿತ್ಸೆಯ ಕೆಲಸಗಳಿಗೆ ಕೋಡ್ ಕೊಡುವ ಆ ದೇಶದ ಸಿಪಿಟಿ ಪಟ್ಟಿಯಲ್ಲಿ 96413 ಎಂದರೆ ಕೀಮೋ ಡ್ರಿಪ್‌ನ ಮೊದಲ ಒಂದು ಗಂಟೆ. ಹೊಲಿಗೆಯ ಕೂಲಿ ಬೇರೆ, ಬಟ್ಟೆಯ ಬೆಲೆ ಬೇರೆ ಎನ್ನುವಂತೆ, ಈ ಕೋಡ್ ಲೆಕ್ಕಹಾಕುವುದು ಔಷಧಿ ಕೊಡುವ ಕೆಲಸವನ್ನು ಮಾತ್ರ. ಔಷಧಿಗೆ ಸಾಮಾನ್ಯವಾಗಿ ‘ಜೆ’ ಅಕ್ಷರದ ಕೋಡ್, ಕಾಯಿಲೆಗೆ ಐಸಿಡಿ-10 ಕೋಡ್. ಸಂಧಿವಾತಕ್ಕೆ ಇನ್‌ಫ್ಲಿಕ್ಸಿಮ್ಯಾಬ್ ಹಾಕಿಸಿಕೊಂಡವರ ಬಿಲ್ಲಿನಲ್ಲೂ 96413 ಬರಬಹುದು. ಪಕ್ಕದ ಐಸಿಡಿ ಕೋಡ್ ಮಾತ್ರ ಸಂಧಿವಾತವನ್ನೇ ಹೇಳುತ್ತದೆ.

ಹಾಗಾದರೆ ಇದು ಬಿಲ್ ಹಿಗ್ಗಿಸುವ ಉಪಾಯವಲ್ಲವೇ? ಅನುಮಾನ ಪೂರ್ತಿ ಆಧಾರವಿಲ್ಲದ್ದಲ್ಲ: ಇಂಥ ಕೆಲವು ಔಷಧಿಗಳಿಗೆ ಸಾಮಾನ್ಯ ಡ್ರಿಪ್‌ನ 96365 ಸಾಕೆಂದು ವಾದಿಸುವ ವಿಮಾ ಸಂಸ್ಥೆಗಳಿವೆ. ಆದರೆ ಸಿಪಿಟಿಯ ಕೀಮೋ ವಿಭಾಗದ ವ್ಯಾಪ್ತಿಯಲ್ಲೇ ಇನ್‌ಫ್ಲಿಕ್ಸಿಮ್ಯಾಬ್‌ನಂಥ ಕೆಲವು ಮೊನೊಕ್ಲೋನಲ್ ಪ್ರತಿಕಾಯಗಳೂ ಸೇರಿವೆ. ಅವು ದೇಹಕ್ಕೆ ಇಳಿಯುವಾಗ ತೀವ್ರ ಪ್ರತಿಕ್ರಿಯೆ ಆಗಬಹುದು. ತಯಾರಿಗೂ ನಿಗಾಕ್ಕೂ ಹೆಚ್ಚಿನ ಪರಿಣತಿ ಬೇಕು. ಅಂದರೆ ಇಲ್ಲಿ ಬೆಲೆ ಕಟ್ಟುವುದು ಕೆಲಸದ ಕಷ್ಟಕ್ಕೆ. ಸಮಯದ ನಿಯಮವೂ ಅಳೆಯುವುದು ಕೆಲಸವನ್ನೇ, ಕಾಯಿಲೆಯನ್ನಲ್ಲ. 15 ನಿಮಿಷ ಅಥವಾ ಅದಕ್ಕೂ ಕಡಿಮೆ ಹೊತ್ತಿನಲ್ಲಿ ಮುಗಿದರೆ ಅದು ಡ್ರಿಪ್ ಅಲ್ಲ, ರಕ್ತನಾಳಕ್ಕೆ ಕೊಟ್ಟ ಇಂಜೆಕ್ಷನ್: 96409. ಹೆಚ್ಚುವರಿ ಗಂಟೆಯ 96415 ಸೇರಬೇಕಾದರೆ ಮೊದಲ ಗಂಟೆ ಕಳೆದು 30 ನಿಮಿಷ ದಾಟಿರಬೇಕು. 90 ನಿಮಿಷಕ್ಕೆ ಅದು ಸಿಗದು, 91ಕ್ಕೆ ಸಿಗುತ್ತದೆ. ಡ್ರಿಪ್ ಶುರುವಾದ, ನಿಂತ ಹೊತ್ತನ್ನು ನರ್ಸ್ ಬರೆದಿಡದಿದ್ದರೆ ಕೋಡರ್ ಊಹಿಸಿ ತುಂಬುವಂತಿಲ್ಲ.

ಆದರೂ ನಮ್ಮವರ ಗೊಂದಲ ಸಹಜವೇ. 2018ರಲ್ಲಿ ಬಂದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಚಿಕಿತ್ಸೆಗೆ ಒಟ್ಟಾಗಿ ದರ ಕಟ್ಟುವ ಪ್ಯಾಕೇಜ್ ಪದ್ಧತಿ ಇದೆ. ಕೀಮೋ ಪ್ಯಾಕೇಜು ಯಾವ ಕ್ಯಾನ್ಸರ್, ಯಾವ ಔಷಧಿ ಎಂಬುದರ ಮೇಲೆಯೇ ನಿಂತಿರುತ್ತದೆ. ಡ್ರಿಪ್ ಎಷ್ಟು ನಿಮಿಷ ಓಡಿತು ಎಂದು ಯಾರೂ ಬಿಲ್ ಮಾಡುವುದಿಲ್ಲ. ಅಲ್ಲಿ ಕೋಡ್ ನೋಡಿ ಕ್ಯಾನ್ಸರ್ ಎಂದರೆ ತಪ್ಪಿಲ್ಲ. ಅದೇ ಓದನ್ನು ಅಮೆರಿಕದ ಬಿಲ್ಲಿಗೆ ಹಚ್ಚಿದಾಗ ಸಂಧಿವಾತದ ರೋಗಿಗೆ ಇಲ್ಲದ ಕ್ಯಾನ್ಸರ್ ಅಂಟಿಕೊಳ್ಳುತ್ತದೆ.