ತಡೆಪದಗಳ ಜರಡಿ

ಶಾಲೆ, ಗ್ರಂಥಾಲಯ, ಸಂಘಸಂಸ್ಥೆಗಳ ಜಾಲತಾಣಗಳಲ್ಲಿ 'ನಮ್ಮನ್ನು ಸಂಪರ್ಕಿಸಿ' ಎಂಬ ನಮೂನೆಯನ್ನು ನೀವು ನೋಡಿರಬಹುದು. ಆದರೆ ಇಂತಹ ನಮೂನೆಗಳನ್ನು ತುಂಬುವವರೆಲ್ಲರೂ ಮನುಷ್ಯರಲ್ಲ. 'ಬಾಟ್' ಎಂಬ ಸ್ವಯಂಚಾಲಿತ ಪ್ರೋಗ್ರಾಮ್‌ಗಳು ತಾಣದಿಂದ ತಾಣಕ್ಕೆ ಅಲೆಯುತ್ತ, ಸಾಲ, ಜೂಜು, ಔಷಧಗಳ ಜಾಹೀರಾತುಗಳನ್ನು ಅವುಗಳಲ್ಲಿ ಸುರಿಯುತ್ತವೆ. ಇದೇ ಸ್ಪ್ಯಾಮ್.

ಇದನ್ನು ತಡೆಯುವ ಅತಿ ಸರಳ ಉಪಾಯವೆಂದರೆ ತಡೆಪದಗಳ ಪಟ್ಟಿ. ಬಂದ ಸಂದೇಶದಲ್ಲಿ ಪಟ್ಟಿಯ ಯಾವುದಾದರೂ ಪದ ಸಿಕ್ಕಿದರೆ ಕಂಪ್ಯೂಟರು ಅದನ್ನು ತಿರಸ್ಕರಿಸುತ್ತದೆ. ತೊಡಕೆಂದರೆ, ಅದು ಗುರುತಿಸುವುದು ಅಕ್ಷರಗಳನ್ನು ಮಾತ್ರ, ಅರ್ಥವನ್ನಲ್ಲ. 1996ರಲ್ಲಿ ಇಂಗ್ಲೆಂಡಿನ ಸ್ಕನ್‌ತಾರ್ಪ್ ಊರಿನವರಿಗೆ ಎಒಎಲ್ ಸೇವೆಯಲ್ಲಿ ನೋಂದಾಯಿಸಿಕೊಳ್ಳಲು ಸಾಧ್ಯವಾಗಲಿಲ್ಲ. ಊರಿನ ಹೆಸರಿನ ಇಂಗ್ಲಿಷ್ ಕಾಗುಣಿತದ ನಡುವೆ ಒಂದು ಅಶ್ಲೀಲ ಪದ ಅಡಗಿದ್ದುದೇ ಕಾರಣ! ಇಂತಹ ತಪ್ಪಿಗೆ ಇಂದಿಗೂ 'ಸ್ಕನ್‌ತಾರ್ಪ್ ಸಮಸ್ಯೆ' ಎಂದೇ ಹೆಸರು.

ಕನ್ನಡದಲ್ಲಿ ಏನಾಗುತ್ತದೆ? 'ಸಾಲ' ಎಂಬುದನ್ನು ತಡೆಪದವೆಂದುಕೊಳ್ಳಿ. ಯೂನಿಕೋಡ್‌ನಲ್ಲಿ ಇದು 'ಸ', ದೀರ್ಘದ ಚಿಹ್ನೆ, 'ಲ' ಎಂಬ ಮೂರು ಸಂಕೇತಗಳ ಸರಣಿ. 'ಸಾಲು' ಎಂದು ಬರೆದಾಗ ಇದೇ ಸರಣಿಯ ಕೊನೆಗೆ ಉಕಾರದ ಚಿಹ್ನೆ ಸೇರುತ್ತದೆ, ಅಷ್ಟೆ. ಆದ್ದರಿಂದ 'ಸಾಲುಮರ', 'ಸಾಲಿಗ್ರಾಮ', 'ಸಮಯ ಸಾಲದು' ಎಲ್ಲದರಲ್ಲೂ ಕಂಪ್ಯೂಟರಿಗೆ 'ಸಾಲ' ಸಿಗುತ್ತದೆ. 'ಈ ಸಾಲಿನ ವಿಜ್ಞಾನ ಪ್ರದರ್ಶನ ಯಾವಾಗ?' ಎಂದು ಕೇಳಿದ ವಿದ್ಯಾರ್ಥಿಯ ಸಂದೇಶವೂ ಕಸದ ಬುಟ್ಟಿ ಸೇರುತ್ತದೆ. ಇಡೀ ಪದ ಹೊಂದಿದರೆ ಮಾತ್ರ ತಡೆಯುವಂತೆ ಮಾಡಿದರೆ, ವಿಭಕ್ತಿ ಪ್ರತ್ಯಯ ಹತ್ತಿದ 'ಸಾಲಕ್ಕೆ', 'ಸಾಲವನ್ನು' ನುಸುಳಿಬಿಡುತ್ತವೆ.

ಇನ್ನೊಂದು ತೊಡಕೂ ಇದೆ. 'ಕೋ' ಅಕ್ಷರದ ಓಕಾರವನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ, ಬಿಡಿ ಸಂಕೇತಗಳ ಜೋಡಣೆಯಾಗಿಯೂ ಬರೆಯಬಹುದು. ನಮ್ಮ ಕಣ್ಣಿಗೆ ಎರಡೂ ಒಂದೇ. ಕಂಪ್ಯೂಟರಿಗೆ ಬೇರೆ ಬೇರೆ. ಹಾಗಾಗಿ ಹೋಲಿಸುವ ಮುನ್ನ ಎರಡನ್ನೂ ಒಂದೇ ರೂಪಕ್ಕೆ ತರಬೇಕು. ಈ ಕ್ರಿಯೆಗೆ 'ನಾರ್ಮಲೈಸೇಷನ್' ಎನ್ನುತ್ತಾರೆ.

ಹಾಗಾದರೆ ಪರಿಹಾರವೇನು? ಒಂದೇ ಪದವನ್ನು ನೋಡಿ ತೀರ್ಪು ಕೊಡದೆ, ಎಲ್ಲ ಪದಗಳನ್ನೂ ತೂಗುವುದು ಒಂದು ದಾರಿ. ಪ್ರತಿ ಪದವೂ ಸ್ಪ್ಯಾಮ್‌ನಲ್ಲಿ ಎಷ್ಟು ಬಾರಿ, ಸಾಚಾ ಸಂದೇಶಗಳಲ್ಲಿ ಎಷ್ಟು ಬಾರಿ ಬಂದಿದೆ ಎಂದು ಎಣಿಸಿ, ಬೇಯ್ಸ್ ಪ್ರಮೇಯದ ಮೂಲಕ ಒಟ್ಟು ಸಂಭವನೀಯತೆಯನ್ನು ಲೆಕ್ಕಹಾಕಲಾಗುತ್ತದೆ. 2002ರಲ್ಲಿ ಪ್ರೋಗ್ರಾಮರ್ ಪಾಲ್ ಗ್ರಹಾಂ ಬರೆದ ಪ್ರಬಂಧದಿಂದ ಇಮೇಲ್ ಶೋಧನೆಯಲ್ಲಿ ಈ ವಿಧಾನ ಜನಪ್ರಿಯವಾಯಿತು. ನಮೂನೆಯಲ್ಲಿ ಓದುಗರಿಗೆ ಕಾಣದ ಒಂದು ಖಾಲಿ ಅಂಕಣವನ್ನು ಇಡುವುದು ಇನ್ನೊಂದು ದಾರಿ. ಬಾಟ್‌ಗಳು ಅದನ್ನೂ ತುಂಬಿ ಸಿಕ್ಕಿಬೀಳುತ್ತವೆ.

ಎಲ್ಲಕ್ಕಿಂತ ಮುಖ್ಯವಾದುದು, ಎರಡು ಬಗೆಯ ತಪ್ಪುಗಳು ಸಮವಲ್ಲವೆಂಬ ಅರಿವು. ಒಂದು ಸ್ಪ್ಯಾಮ್ ನುಸುಳಿದರೆ ಅಳಿಸಲು ಕ್ಷಣ ಸಾಕು. ಸಾಚಾ ಪತ್ರ ಸದ್ದಿಲ್ಲದೆ ಕಳೆದುಹೋದರೆ, ಬರೆದವರಿಗೂ ತಿಳಿಯದು, ಪಡೆಯಬೇಕಾದವರಿಗೂ ತಿಳಿಯದು. ಆದ್ದರಿಂದ ತಡೆಪದ ಸಿಕ್ಕಿದ ಸಂದೇಶವನ್ನು ಅಳಿಸದೆ, ಪ್ರತ್ಯೇಕವಾಗಿಟ್ಟು ಒಮ್ಮೆ ಕಣ್ಣಾಡಿಸುವುದೇ ಲೇಸು.

ಮಾಡಿ ನೋಡಿ: 'ಮರ' ಎಂಬ ತಡೆಪದಕ್ಕೆ ಯಾವ ಯಾವ ಪದಗಳು ಸಿಕ್ಕಿಬೀಳುತ್ತವೆ? ತರಗತಿಯಲ್ಲಿ ಪಟ್ಟಿಮಾಡಿ. ಅಮರ, ಮರಿ, ಮರೆವು ಸುಲಭವಾಗಿ ಹೊಳೆಯುತ್ತವೆ. ಚಾಮರಾಜನಗರವನ್ನು ಮರೆಯಬೇಡಿ!