ಬೆಟ್ಟದ ಆಚೆ ಬೀಳುವ ಗುಂಡು

ಧಾರವಾಡದ ಕಾರ್ಗಿಲ್ ಸ್ತೂಪವನ್ನು ನಿಮ್ಮಲ್ಲಿ ಹಲವರು ನೋಡಿರಬಹುದು. 1999ರ ಆ ಯುದ್ಧದಲ್ಲಿ ಕಾಲಾಳುಗಳು ಶಿಖರ ಏರುವ ಮುನ್ನ ಫಿರಂಗಿಗಳು ಮಾಡಿದ ಕೆಲಸವೇನು?

ಹುಬ್ಬಳ್ಳಿಯ ನೃಪತುಂಗ ಬೆಟ್ಟವನ್ನೇ ಕಣ್ಣಮುಂದೆ ತಂದುಕೊಳ್ಳಿ. ಅದರ ಆಚೆಯ ಇಳಿಜಾರಿನಲ್ಲಿ ವೈರಿ ಅಡಗಿದ್ದಾನೆ ಎನ್ನೋಣ. ನೇರವಾಗಿ ಹಾರಿಸಿದ ಗುಂಡು ಈಚೆಯ ಬದಿಗೇ ಬಡಿಯುತ್ತದೆ, ಇಲ್ಲವೆ ಅವನ ತಲೆಯ ಮೇಲಿಂದ ಹಾದುಹೋಗುತ್ತದೆ. ನಳಿಗೆಯನ್ನು 45 ಡಿಗ್ರಿಗಿಂತ ಮೇಲೆತ್ತಿ ಹಾರಿಸಿದರೆ ಗುಂಡು ಕಮಾನಿನಂತೆ ಏರಿ, ಆಚೆ ಕಡಿದಾಗಿ ಇಳಿಯುತ್ತದೆ. ಹೀಗೆ ಹಾರಿಸಬಲ್ಲ ಫಿರಂಗಿಯೇ ಹೊವಿಟ್ಜರ್. ಮದ್ದನ್ನು ಹೆಚ್ಚುಕಡಿಮೆ ಮಾಡಿ ದೂರವನ್ನು ಹೊಂದಿಸುತ್ತಾರೆ.

ಅದನ್ನು ಬೆಟ್ಟಕ್ಕೆ ಒಯ್ಯುವುದು ಹೇಗೆ? 19ನೆಯ ಶತಮಾನದ ಕೊನೆಯಲ್ಲಿ ಬ್ರಿಟಿಷರು ವಾಯವ್ಯ ಗಡಿಯಲ್ಲಿ ಬಳಸಿದ ಎರಡೂವರೆ ಅಂಗುಲದ ಫಿರಂಗಿಯ ನಳಿಗೆ ಎರಡು ತುಂಡಾಗುತ್ತಿತ್ತು. ಹೇಸರಗತ್ತೆಗಳ ಮೇಲೆ ಹೊತ್ತು ತಂದು ತಿರುಪಿ ಜೋಡಿಸುತ್ತಿದ್ದರು. ಮುಂದೆ ಬಂದ 3.7 ಅಂಗುಲದ ಹೊವಿಟ್ಜರ್ ಎಂಟು ಹೇಸರಗತ್ತೆಗಳ ಹೊರೆ. ಆದರೆ ಹೊರೆ ಹಗುರಾದಷ್ಟೂ ಗುಂಡೂ ಚಿಕ್ಕದು.

ಕಾರ್ಗಿಲ್‌ನಲ್ಲಿ ಹೆಚ್ಚು ನೆರವಾದದ್ದು 155 ಮಿಲಿಮೀಟರಿನ ಬೋಫೋರ್ಸ್, ಅದೇ ಖರೀದಿಯ ಗದ್ದಲದಿಂದ ಮನೆಮಾತಾಗಿದ್ದ ಫಿರಂಗಿ! ಅದು ಹೇಸರಗತ್ತೆಯ ಹೊರೆಯಲ್ಲ. ಕಣಿವೆಯ ರಸ್ತೆಯ ಬಳಿಯಿಂದಲೇ ಶಿಖರಗಳನ್ನು ಮುಟ್ಟಿತು. ಎತ್ತರದಲ್ಲಿ ಗಾಳಿ ತೆಳು, ತಡೆ ಕಡಿಮೆ. ಗುಂಡು ಬಯಲಿನಲ್ಲಿ ಹೋಗುವುದಕ್ಕಿಂತ ದೂರ ಹೋಗುತ್ತದೆ. ಬಯಲಿನ ಲೆಕ್ಕ ನಂಬಿದರೆ ಗುರಿ ತಪ್ಪಿತೆಂದೇ ತಿಳಿಯಿರಿ. ಅದಕ್ಕೇ ಫಿರಂಗಿದಳದ ವೀಕ್ಷಕನೊಬ್ಬ ಕಾಲಾಳುಗಳ ಜೊತೆ ಹತ್ತಿ, ಪ್ರತಿ ಗುಂಡು ಎಲ್ಲಿ ಬಿತ್ತೆಂದು ನೋಡಿ ರೇಡಿಯೋದಲ್ಲಿ ತಿದ್ದುತ್ತಾನೆ. ಅವನ ಲೆಕ್ಕ ತಪ್ಪಿದರೆ ಗುಂಡು ಬೀಳುವುದು ನಮ್ಮವರ ಮೇಲೆಯೇ.

ದ್ರಾಸ್ ಬಳಿಯ 5140 ಎಂಬ ಶಿಖರಕ್ಕೆ 2022ರಲ್ಲಿ 'ಗನ್ ಹಿಲ್' ಎಂದು ಹೆಸರಿಟ್ಟದ್ದು ಈ ಫಿರಂಗಿದಳದವರ ನೆನಪಿಗೆ.